ಆಯಿಯ ಓವನ್

ಅನಗೋಳ, ಬೆಳಗಾವಿ
18 ನವೆಂಬರ್ 2024

ಪ್ರೀತಿಯ ದೀಪಾಲಿ,

ಗೇಟಿನ ಹತ್ತಿರ, ನಿನ್ನ ತಾಯಿಯ ಓವನ್ನು ಏರಿಸಿದ ಟೆಂಪೋ ಹತ್ತುವಾಗ ನೀನು ಅಂದ ಮಾತು ನನಗೆ ಅರ್ಧ ನೆನಪಿದೆ, ಅರ್ಧ ಇಲ್ಲ. “ಆಯೀ ವಸ್ತು ನಿಮ್ಮ ಮನ್ಯಾಗ ಕೆಡಬಾರದು” ಅಂದೆಯೋ, “ನಿನ್ನ ಕೈಯಾಗ ಕೆಡಬಾರದು” ಅಂದೆಯೋ? ಮನೆ ಅಂದಿದ್ದರೆ ಅದರಲ್ಲಿ ನಿನ್ನ ಅಣ್ಣನೂ ಸೇರುತ್ತಾರೆ. ಕೈ ಅಂದಿದ್ದರೆ ನಾನೊಬ್ಬಳೇ. ಕವಿತೆ ಓದಿ ಓದಿ ನನಗೆ ಈ ರೋಗ ಅಂಟಿದೆ, ಒಂದು ಪದ ಆಚೀಚೆ ಆದರೂ ಊಟ ಸೇರುವುದಿಲ್ಲ. ಟೆಂಪೋದವನು ಆಗಲೇ ಗಾಡಿ ಚಾಲೂ ಮಾಡಿದ್ದ, ಸರಿಯಾಗಿ ಕೇಳಿಸಲಿಲ್ಲ. ಕೈ ಎಂದೇ ಇಟ್ಟುಕೊಂಡಿದ್ದೇನೆ.

ಇರಲಿ. ನಿನ್ನ ಮೊಣಕಾಲು ನೋವು ಹೇಗಿದೆ? ಖಾನಾಪುರದಲ್ಲಿ ಇಲ್ಲಿಗಿಂತ ಚಳಿ ಹೆಚ್ಚು, ಬೆಳಿಗ್ಗೆ ಬಸದಿಗೆ ಬರಿಗಾಲಲ್ಲಿ ಹೋಗುವಾಗ ಜೋಪಾನ. ಸಮೃದ್ಧಿ ಹೇಗಿದ್ದಾಳೆ? ಮದುವೆಯಾದ ಮೇಲೆ ನಿನ್ನ ಮಗಳು ನನಗೆ ಒಂದು ಫೋನೂ ಮಾಡಿಲ್ಲ. ಅದು ಅವಳ ತಪ್ಪಲ್ಲವೆಂದು ಬಲ್ಲೆ. ಚಿಕ್ಕವಳಿದ್ದಾಗ ರಜೆಗೆ ಬಂದರೆ ನನ್ನ ಮಗ್ಗುಲಲ್ಲೇ ಮಲಗಬೇಕು, ನಾನು ಪದ್ಯ ಓದುತ್ತಲೇ ಇರಬೇಕು. ನಮಗೆ ಮಕ್ಕಳಾಗಲಿಲ್ಲ ಎಂಬುದು ಆ ರಜೆಗಳಲ್ಲಿ ನನಗೆ ಮರೆತೇ ಹೋಗುತ್ತಿತ್ತು. ನೆನಪಿಸುವುದಕ್ಕೆ ನೀನು ಇರುತ್ತಿದ್ದೆಯಲ್ಲ.

ನಮ್ಮ ಸಮಾಚಾರವೆಂದರೆ, ಕೆಲಸ ಚೆನ್ನಾಗಿ ನಡೆದಿದೆ. ಕಾಲೇಜಿನವರು ಈ ವರ್ಷ ಪಾಠಕ್ಕೆ ಬೇಡವೆಂದ ಮೇಲೆ ನಾನು ಸುಮ್ಮನೆ ಕೂರಲಿಲ್ಲವೆಂಬುದು ನಿನಗೆ ಗೊತ್ತು. ಗೊತ್ತಿದ್ದರಿಂದಲೇ ಅಲ್ಲವೇ, ಆಯಿ ಹೋದ ಹದಿಮೂರನೆಯ ದಿನ ಊಟದ ಪಂಕ್ತಿಯ ನಡುವೆ ನಿಂತು, ಅಣ್ಣನ ಹೆಂಡತಿಯನ್ನು ತೋರಿಸಿ ಎಲ್ಲರಿಗೂ ಹೇಳಿದ್ದು: “ನಮ್ಮ ವೈನಿ ಎಂ.ಎ. ಮಾಡಿ ಕಬ್ಬಣಕ್ಕ ಪೌಡರ್ ಹಚ್ಚತಾಳ್ರಿ. ತನ್ನ ಮಾರಿಗೆ ಹಚ್ಚಗೊಂಡಿದ್ರ ಅರ ಛಲೋ ಕಾಣತಿದ್ಲು.” ಸದಾಶಿವನಗರದ ಸೋದರತ್ತೆ ನಗುತ್ತ ನಗುತ್ತ ನೀರು ನೆತ್ತಿಗೇರಿಸಿಕೊಂಡರು. ನಾನೇ ಹೋಗಿ ಬೆನ್ನು ತಟ್ಟಿದೆ. ಆ ಪೌಡರ್ ಎಂದರೇನು, ಅದನ್ನು ಹಚ್ಚುವುದು ಹೇಗೆ ಎಂದು ಅಂದು ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ. ಈಗ ಹೇಳುತ್ತೇನೆ, ಸಾವಕಾಶವಾಗಿ ಓದು.

ನಿನ್ನ ಅಣ್ಣನ ವರ್ಕ್‌ಶಾಪಿನಲ್ಲಿ ಬಾಗಿಲ ಬಿಜಾಗರಿ, ಕೊಕ್ಕೆ, ಚಿಲಕ ಇಂಥವು ತಯಾರಾಗುತ್ತವೆ. ಇಷ್ಟು ಚಿಕ್ಕ ಮಾಲಿಗೆ ಬಣ್ಣ ಮಾಡಿಕೊಡಲು ದೊಡ್ಡ ಕಾರ್ಖಾನೆಯವರು ಒಪ್ಪುವುದಿಲ್ಲ, ಮೂಲೆಗೆ ಸರಿಸಿ ಇಡುತ್ತಾರೆ. ಅದಕ್ಕೇ ಹಿತ್ತಲ ಪಡಸಾಲೆಯಲ್ಲಿ ನಾನೇ ಶುರುಮಾಡಿದೆ. ಮೊದಲು ಒಂದೊಂದನ್ನೂ ಎಣ್ಣೆ, ತುಕ್ಕು ಇರದಂತೆ ಉಜ್ಜಿ, ಥಿನ್ನರ್‌ನಲ್ಲಿ ಒರೆಸಬೇಕು. ಆಮೇಲೆ ಬರಿಗೈ ತಾಗಿಸುವಂತಿಲ್ಲ. ಮೊದಲ ದಿನ ನಾನು ತಾಗಿಸಿದೆ, ಆ ಚಿಲಕದ ಮೇಲೆ ನನ್ನ ಹೆಬ್ಬೆರಳಿನ ಗುರುತು ಇವತ್ತಿಗೂ ಇದೆ. ತಂತಿಗೆ ನೇತುಹಾಕಿ, ಅರ್ಥ್ ತಂತಿಯ ಕ್ಲಿಪ್ಪು ಸಿಕ್ಕಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಗನ್ನಿನಿಂದ ಬಣ್ಣದ ಪುಡಿ ಊದಬೇಕು. ಹಿಟ್ಟಿನಂಥ ಒಣ ಪುಡಿ. ನೀರಿಲ್ಲ, ಅಂಟಿಲ್ಲ, ಬರೀ ವಿದ್ಯುತ್ತಿನ ಸೆಳೆತಕ್ಕೆ ಕಬ್ಬಿಣವನ್ನು ಹಿಡಿದುಕೊಂಡಿರುತ್ತದೆ. ಆ ಹೊತ್ತಿನಲ್ಲಿ ಒಂದು ಸೀನು ಬಂದರೂ ಎಲ್ಲ ಉದುರಿಹೋಗುತ್ತದೆ. ಉಸಿರು ಬಿಗಿಹಿಡಿದು ಒಯ್ದು ಇನ್ನೂರು ಡಿಗ್ರಿಗೆ ಕಾದ ಓವನ್ನಿನಲ್ಲಿ ತೂಗುಹಾಕಿದರೆ, ಗಾಜಿನಾಚೆ ಪುಡಿ ಮೆಲ್ಲಗೆ ಬೆವರುತ್ತದೆ, ಕರಗುತ್ತದೆ, ನೋಡನೋಡುತ್ತ ನೀರಿನ ಹಾಗೆ ಹರಿದು ಹೊಳೆಯುತ್ತದೆ. ನಾನು ಓದಿದ ಎಷ್ಟೋ ಪದ್ಯಗಳಲ್ಲಿ ಅಂಥ ಗಳಿಗೆ ಇಲ್ಲ. ವಾಸನೆ ಮಾತ್ರ ಕೆಟ್ಟದ್ದು. ಆ ಹಬೆ ಓವನ್ನಿನ ಒಳಗೋಡೆಗೆಲ್ಲ ಹಿಡಿಯುತ್ತದೆ, ತೊಳೆದರೆ ಹೋಗುವಂಥದ್ದಲ್ಲ.

ಓವನ್ನು ಆಯಿಯದೇ. ಕದ್ದದ್ದಲ್ಲ. ಹಾಸಿಗೆ ಹಿಡಿದ ಮೇಲೆ ಅವರೇ ಕರೆದು, “ತಗೋ ತ್ರಿಶಲಾ, ನಾ ಇನ್ನ ಏನ್ ಬೇಯಸ್ಲಿ, ನಿನ್ನ ಕಬ್ಬಣನ ಬೇಯಲಿ ಅದರಾಗ” ಅಂದರು. ಅವರ ಮಲಮೂತ್ರ ಬಳಿಯುತ್ತಿದ್ದ ಕಾಲ ಅದು. ನೀನು ಆಗ ಇಲ್ಲಿರಲಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಆಮೇಲೆ ನೀನು ಬಂದೆ. ಸೀರೆ ಒಯ್ದೆ, ಸೇರು ಒಯ್ದೆ, ಕಡೆಗೆ ಖಾನಾಪುರದಲ್ಲಿ ಬೇಕರಿ ಹಾಕುತ್ತೇನೆ, ತತ್ತಿ ಮುಟ್ಟದ ಶುದ್ಧ ಜೈನ ಬಿಸ್ಕೀಟು ಮಾರುತ್ತೇನೆ ಎಂದು ಓವನ್ನಿನ ಮುಂದೆ ನಿಂತೆ. ಕೇಳಿದ್ದು ಒಂದೇ ಪ್ರಶ್ನೆ: “ಖರೇ ಹೇಳು, ಇದರಾಗ ತತ್ತಿ ಏನರ ಬೇಯಿಸೀರೇನು?” ನಾನು ಖರೇ ಹೇಳಿದೆ. ಇಲ್ಲ ಅಂದೆ. ಆದರೂ ನಂಬದೆ ಬಟ್ಟೆಯಲ್ಲಿ ಗಾಳಿಸಿದ ನೀರಿನಲ್ಲಿ ಒಳಗೆಲ್ಲ ಒರೆಸಿ, ಒಂದು ಸಲ ಬರಿದೇ ಕಾಯಿಸಿ, “ಈಗ ಶುದ್ಧ ಆತು” ಅಂದೆ. ಆ ವಾಸನೆ ನಿನ್ನ ಮೂಗಿಗೂ ಬಡಿಯಿತು. ನಮ್ಮ ಮನೆಯ ವಾಸನೆಯೇ ಹಾಗೆ ಎಂದು ಮೂಗು ಮುಚ್ಚಿಕೊಂಡೆ. ಓವನ್ನಿನ ಆ ತುದಿ ಹಿಡಿದಿದ್ದ ನಿನ್ನ ಅಣ್ಣ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರೂ ಸೇರಿ ಎತ್ತಿ ಟೆಂಪೋಗೆ ಏರಿಸಿದೆವು.

ಅವತ್ತು ಸಂಜೆ ಅವರು, “ನೀ ಹೇಳಬೇಕಾಗಿತ್ತು” ಅಂದರು. “ತಂಗಿ ನಿಮ್ಮಾಕಿ” ಅಂದೆ ನಾನು. ಅವರು ಫೋನು ಮಾಡಿದರು, ನೀನು ಮನೆಯ ಪಾಲಿನ ಮಾತೆಂದು ತಿಳಿದು ಕಟ್ ಮಾಡಿದೆ. ಮಾರನೆಯ ದಿನ ನಾನು ಮಾಡಿದೆ. “ಇನ್ನ ಫೋನ್ ಮಾಡಬ್ಯಾಡ ವೈನಿ. ಏನಿದ್ರೂ ಬರದ ಕಳಸು. ಅಷ್ಟ ಓದೀದಿ, ಬರ್ಯಾಕರ ಬರತೈತಲ್ಲ” ಅಂದು ನನ್ನ ನಂಬರನ್ನೇ ಬಂದ್ ಮಾಡಿಬಿಟ್ಟೆ. ಬಸ್ಸು ಹತ್ತಿ ಬಂದು ಹೇಳಬಹುದಿತ್ತು. ನಿನ್ನ ಬಾಗಿಲಲ್ಲಿ ನಿಲ್ಲುವುದು ನನಗೆ ಬೇಡವಾಗಿತ್ತು. ನೀನು ಹೇಳಿದಂತೆಯೇ ಬರೆಯಲು ಕೂತೆ. ಒಳ್ಳೆಯ ಪತ್ರ ಬರೆಯುವುದಕ್ಕೆ ಹೊತ್ತು ಹಿಡಿಯುತ್ತದೆ. ಎರಡು ಸಲ ಹರಿದು ಹಾಕಿದೆ, ಭಾಷೆ ಸರಿ ಬರಲಿಲ್ಲವೆಂದು. ಅಷ್ಟರಲ್ಲಿ ದೀಪಾವಳಿ ಬಂತು, ಹೋಯಿತು. ನಾವು ಬೇರೆ ಓವನ್ನು ತಂದೆವು, ಆಯಿಯದರಷ್ಟು ಸಮನಾಗಿ ಕಾಯುವುದಿಲ್ಲ.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಸಮೃದ್ಧಿಯ ಹಣೆಗೆ ನನ್ನದೊಂದು ಮುತ್ತು ಕೊಡು, ನನ್ನದೆಂದು ಹೇಳದಿದ್ದರೂ ಸರಿ. ಅವಳು ನೂರು ಕಾಲ ಸುಖವಾಗಿರಲಿ.

ನಿನ್ನ ವೈನಿ,
ತ್ರಿಶಲಾ

ತಾ.ಕ.: ಬರೆಯಬೇಕೆಂದು ಕೂತದ್ದೇ ಮೇಲೆ ನೆಟ್ಟಗೆ ಬರಲಿಲ್ಲ. ಆ ಓವನ್ನಿನಲ್ಲಿ ತಿನ್ನುವ ಪದಾರ್ಥ ಏನನ್ನೂ ಬೇಯಿಸಬೇಡ. ಪೌಡರ್ ಸುಟ್ಟ ಓವನ್ನು ಮತ್ತೆಂದೂ ಅಡುಗೆಗೆ ಬರುವುದಿಲ್ಲವೆಂದು ಡಬ್ಬಿಯ ಮೇಲೆಯೇ ಬರೆದಿದೆ. ನೀನು ಇನ್ನೂ ಶುರುಮಾಡಿರಲಾರೆ, ಮುಹೂರ್ತವಿಲ್ಲದೆ ಬಾಗಿಲೂ ತೆಗೆಯುವವಳಲ್ಲ ಎಂದು ಧೈರ್ಯವಾಗಿದ್ದೇನೆ. ಪಾಕೀಟು ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಸಿದ್ದಕ್ಕ ಬಂದಳು, ಕೈಯಲ್ಲಿ ಸ್ಟೀಲಿನ ಡಬ್ಬಿ. ಅವಳು ಬಾಗಿಲಲ್ಲೇ ನಿಂತು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: “ಖಾನಾಪುರಕ್ಕ ಮಗಳ ಮನಿಗೆ ಹೋಗಿದ್ನಿರಿ ಅಕ್ಕಾರ, ನಿಮ್ಮ ನಾದಿನಿ ನಾನಖಟಾಯಿ ಬಿಸ್ಕೀಟು ಕಟ್ಟಿ ಕೊಟ್ರು. ಮಂದಿಗೆ ಮಾರೂದು ಇನ್ನೂ ಸುರು ಆಗಿಲ್ಲಂತ, ತವರಿಗೆ ಬಂದ ಬಸರಿ ಮಗಳಿಗಷ್ಟ ದಿನಾ ಮಾಡಿ ಹಾಕಾಕತ್ತಾರ. ಆ ಹುಡುಗಿಗೆ ಬ್ಯಾರೆ ಏನೂ ಹೊಟ್ಟ್ಯಾಗ ನಿಲ್ಲವಲ್ದಂತ, ಇವಷ್ಟ ನಿಲ್ಲತಾವಂತ. ಸಮೃದ್ಧಿ ಬಸರಿ ಅನ್ನೂದು ನಿಮಗ ಹೇಳಿಲ್ಲೇನ್ರಿ?”