ನಾರಾಯಣಗೂಡದ ಅಂಗಡಿಯಲ್ಲಿ ಕಳ್ಳ ಕುಬಸ

ಸುವರ್ಣಾ, ನನ್ನ ಅಕ್ಕನ ಮಗಳೇ,

ಊರು ಮುಟ್ಟಿದ್ದೇನೆ. ಸೊಂಟ ಮಾತ್ರ ಇನ್ನೂ ಬಸ್ಸಿನಲ್ಲೇ ಇದೆ. ಹೈದರಾಬಾದಿನಿಂದ ಸಿಂಧನೂರಿನವರೆಗೆ ಹಿಂದಿನ ಸೀಟಿನಲ್ಲಿ ಕುಲುಕಾಡಿಕೊಂಡು ಬಂದವನಿಗೆ ಪೆನ್ನು ಹಿಡಿಯುವುದೂ ದೊಡ್ಡ ಕೆಲಸ. ಆದರೂ ಬರೆಯುತ್ತೇನೆ. ಏಳನೇ ತರಗತಿಗೆ ಶಾಲೆ ಬಿಟ್ಟವನಾದರೂ ನನ್ನಷ್ಟು ದುಂಡಗೆ ಅಕ್ಷರ ಬರೆಯುವವನು ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಹೇಳುತ್ತ ಹೇಳುತ್ತ ಅತ್ತುಬಿಟ್ಟರೆ ನನ್ನ ಮರ್ಯಾದೆ ಏನಾಗಬೇಕು?

ಭರತನಿಗೂ ಓದಿ ಹೇಳು. ನಿನ್ನ ಗಂಡ ಮೈಸೂರಿನವನು, ನಮ್ಮ ಕಡೆಯ ಪದ್ಧತಿ ಅವನಿಗೆ ತಿಳಿಯದು. ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಊರಿಗೆಲ್ಲ ಕಾಣುವ ಹಾಗೆ ಕುಬಸ, ಅಂದರೆ ಅವನ ಕಡೆಯ ಸೀಮಂತ, ಮಾಡುತ್ತಾರೆ. ಅದಕ್ಕೂ ಮೊದಲು, ಮೂರನೇ ತಿಂಗಳಲ್ಲಿ, ಯಾರಿಗೂ ಸುಳಿವು ಕೊಡದೆ ಕುಪ್ಪಸಕ್ಕೆಂದು ಒಂದು ಹಸಿರು ಖಣ ಒಯ್ದು, ಉಡಿ ತುಂಬಿ, ಬಾಯಿಗೆ ರುಚಿಯಾದದ್ದನ್ನು ಉಣಿಸಿ ಬರುತ್ತಾರೆ. ಅದು ಕಳ್ಳ ಕುಬಸ. ಕದ್ದು ಮಾಡುವ ಕೆಲಸ ಎಂದಮೇಲೆ ನನಗಿಂತ ಯೋಗ್ಯರು ಯಾರಿದ್ದಾರೆ?

ನಿನ್ನ ಅಪ್ಪ, ಅಂದರೆ ನನ್ನ ಭಾವ ಅಮರೇಶಪ್ಪನವರು, ನೀನು ಬೇರೆ ಜಾತಿಯವನನ್ನು ಮದುವೆಯಾದ ದಿನವೇ ಹೇಳಿಬಿಟ್ಟಿದ್ದರು: "ಆಕಿ ಮನಿ ಹೊಸ್ತಿಲಾ ತುಳದವರು ನನ್ನ ಮನಿ ಹೊಸ್ತಿಲಾ ತುಳೀಬಾರ್ದು." ಆ ಮಾತನ್ನು ನಾನು ವಕೀಲನಂತೆ ಹೊರಳಿಸಿ ನೋಡಿದೆ. ಹೊಸ್ತಿಲು ಎಂದಿದ್ದರು, ಅಂಗಡಿ ಎಂದಿರಲಿಲ್ಲ. ನನ್ನ ಹಿಟ್ಟಿನ ಗಿರಣಿಗೆ ಬೆಲ್ಟ್ ತರಬೇಕು ಎಂದು ಹೇಳಿ ಹೊರಟೆ. ನಿನ್ನ ಅವ್ವ ಏನೂ ಕೇಳದೆ ನನ್ನ ಚೀಲದಲ್ಲಿ ಹಸಿರು ಖಣವೊಂದನ್ನು ತುರುಕಿದಳು. ಯಾರಿಗೆ ಎಂದು ನಾನೂ ಕೇಳಲಿಲ್ಲ.

ನಾವು ಸೇರಲು ಹೈದರಾಬಾದಿನ ನಾರಾಯಣಗೂಡದ ಆ ಅಂಗಡಿಯನ್ನು ಗೊತ್ತುಮಾಡಿದವಳು ನೀನು. ಕೆಳಗೆ ಔಷಧ ಹೊಡೆಯದೆ ಬೆಳೆದ ಕಾಳುಕಡಿ, ಮೇಲಿನ ಅಂತಸ್ತಿನಲ್ಲಿ ಊಟ. ಕೊರಳಲ್ಲಿ ಕಂಪನಿಯ ಪಟ್ಟಿ ತೂಗಿಬಿಟ್ಟ ಹುಡುಗ ಹುಡುಗಿಯರು ನವಣೆಯ ಪೊಟ್ಟಣವನ್ನು ಗುಳಿಗೆಯ ಡಬ್ಬಿಯಂತೆ ತಿರುಗಿಸಿ ಓದುತ್ತಿದ್ದರು. ನಿನ್ನ ಕೊರಳಲ್ಲೂ ಅದೇ ಪಟ್ಟಿ. ಆದರೆ ಕಣ್ಣ ಕೆಳಗೆ ಕಪ್ಪು, ಬಳೆ ಮೊಣಕೈವರೆಗೆ ಜಾರುತ್ತಿತ್ತು. "ಏನೂ ನಿಲ್ಲೂದಿಲ್ಲ ಮಾಮಾ, ನೀರು ಕುಡದ್ರೂ ಹೊರಗ ಬರ್ತೈತಿ" ಅಂದೆ. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಅಲ್ಲೇ ಉದುರಿಹೋಯಿತು.

ಬುಟ್ಟಿ ಹಿಡಿದು ಹೊರಟೆವು. ಕೆಂಪಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಕಪ್ಪು ಬೆಲ್ಲ. ಉಡಿ ತುಂಬುವ ಸಾಮಾನೆಲ್ಲ ಅಲ್ಲಿ ಗಾಜಿನ ಬಾಟಲಿಯೊಳಗೆ ಸಾಲಾಗಿ ಕೂತಿತ್ತು. ನಾನು ಬೆಲ್ಲ ಮೂಸಿದೆ, ಅಕ್ಕಿ ಕಡಿದು ನೋಡಿದೆ. ನೀನು ತಲೆ ತಗ್ಗಿಸಿಕೊಂಡು "ಮಾಮಾ, ಎಲ್ಲಾರೂ ನೋಡಾಕತ್ತಾರ" ಅಂದೆ. ನೋಡಲಿ ಬಿಡು. ಅವರೂ ಒಂದಿಷ್ಟು ಕಲಿಯಲಿ.

ಮೇಲೆ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಗಸಿನ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, ಜೋರಾಗಿಯೇ ಹೇಳಿದೆ: "ಗಿರಣಿ ಇಟ್ಟಾಂವ ನಾನು. ಇದು ಹಳೇ ಹಿಟ್ಟು. ರೊಟ್ಟಿ ಉಬ್ಬಿದ್ರ ಮೀಸಿ ಬೋಳಸ್ತೀನಿ." ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯ ನನ್ನದು. ಆಕೆ ಬಸವಕಲ್ಯಾಣದ ಸಾವಿತ್ರಿಬಾಯಿ! ಹಂಚಿನ ಮೇಲಿನ ರೊಟ್ಟಿ ಬುರುಬುರು ಉಬ್ಬಿತು. "ಅಣ್ಣಾರ, ಕತ್ತರಿ ತರ್ಲೇನ್ರಿ?" ಅಂದಳು. ನೀನು ನಕ್ಕೆ. ಎಷ್ಟು ದಿನವಾಗಿತ್ತೋ ನೀನು ನಕ್ಕು. ಆ ನಗುವಿಗೆ ಮೀಸೆ ಕೊಟ್ಟರೂ ನಷ್ಟವಿರಲಿಲ್ಲ, ಆದರೆ ಕೊಡಲಿಲ್ಲ.

ಮೇಜಿನ ಮೇಲೆ ಖಣ ತೆಗೆದಿಟ್ಟಾಗ ನನ್ನ ಬುದ್ಧಿಗೆ ಹೊಳೆಯಿತು: ಉಡಿ ತುಂಬುವುದು ಹೆಂಗಸರ ಕೆಲಸ. ಗಂಡಸು ಕುಬಸ ಮಾಡಿದ್ದನ್ನು ಯಾರು ಕೇಳಿದ್ದಾರೆ? ಇಷ್ಟು ದೂರ ಬಂದು ಕೈಕಟ್ಟಿ ಕೂತೆ. ಸಾವಿತ್ರಿಬಾಯಿ ತಾಟು ಇಡಲು ಬಂದವಳು ಖಣ ನೋಡಿದಳು, ನಿನ್ನ ಮುಖ ನೋಡಿದಳು.

"ಕಳ್ಳ ಕುಬಸ ಏನ್ರಿ? ತವರಿನ ಹೆಣ್ಮಕ್ಕಳು ಎಲ್ಲಿ?"

"ನಾನಽ ತವರು" ಎಂದೆ.

"ಭಾಳ ಛಲೋ ಹೆಣ್ಮಗಳು ಬಿಡ್ರಿ. ಮೀಸಿ ಒಂದು ಜಾಸ್ತಿ ಆತು."

ಕೈಯ ಹಿಟ್ಟು ಒರೆಸಿಕೊಂಡು, ಅಡುಗೆಮನೆಯ ದೇವರ ಪಟದ ಮುಂದಿನ ಕುಂಕುಮ ತಂದಳು. ನಿನ್ನ ದುಪಟ್ಟಾವನ್ನೇ ಸೆರಗಿನಂತೆ ಹಿಡಿಸಿ ಅಕ್ಕಿ, ಕೊಬ್ಬರಿ, ಖಣ ಎಲ್ಲ ಹಾಕಿ, "ಉಣ್ಣವಾ, ತವರಿನ ಊಟ ಅಂತ ಉಣ್ಣು" ಎಂದಳು. ನೀನು ಪುಂಡಿಪಲ್ಯ ಮುಟ್ಟಿದೆ. ಆಮೇಲೆ ಶೇಂಗಾ ಹಿಂಡಿ. ಎರಡನೇ ರೊಟ್ಟಿ ಕೇಳಿದೆ. ನಾನು ಉಣ್ಣುವುದು ಬಿಟ್ಟು ಕೈತೊಳೆಯುವ ಮೂಲೆಯನ್ನೇ ನೋಡುತ್ತ ಕೂತಿದ್ದೆ, ಈಗ ಎದ್ದು ಓಡುತ್ತಾಳೆ, ಈಗ ಓಡುತ್ತಾಳೆ ಎಂದು. ನೀನು ಓಡಲಿಲ್ಲ. ಬೀಳ್ಕೊಡುವಾಗ ಒಂದೇ ಮಾತು ಕೇಳಿದೆ: "ಹೆರಿಗಿಗೆ ನಾ ಎಲ್ಲಿಗೆ ಹೋಗ್ಲಿ ಮಾಮಾ?" ನಾನು ಬಸ್ಸಿಗೆ ಹೊತ್ತಾಯಿತು ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಬಸ್ಸಿಳಿದು ನೇರ ಅಕ್ಕನ ಮನೆಗೆ ಹೋದೆ. ಊಟಕ್ಕೆ ಕೂತಾಗ ಭಾವ "ಬೆಲ್ಟ್ ಸಿಕ್ತೇನೋ?" ಎಂದರು. ನನಗೆ ಸುಳ್ಳಿನ ಬರವಿಲ್ಲ. ಬೆಲ್ಟಿನ ಅಂಗಡಿ, ಅದರ ಮಾಲಕ, ಮಾಲಕನ ತಿಕ್ಕಲು ಮಗ, ಎಲ್ಲವನ್ನೂ ಬಸ್ಸಿನಲ್ಲೇ ಹುಟ್ಟಿಸಿಟ್ಟುಕೊಂಡಿದ್ದೆ. ಆದರೆ ಮಗಳೇ, ದಣಿದಿದ್ದೆ. ಆ ಬಸ್ಸಿಗಿಂತ ಹೆಚ್ಚಾಗಿ, ಒಂದೇ ಮನೆಯವರ ನಡುವೆ ಕಳ್ಳನಂತೆ ಓಡಾಡಿ ದಣಿದಿದ್ದೆ. "ಬೆಲ್ಟಿಗೆ ಹೋಗಿದ್ದಿಲ್ಲ ಭಾವ. ನಿಮ್ಮ ಮಗಳು ಬಸುರಿ ಅದಾಳ. ಕಳ್ಳ ಕುಬಸ ಮಾಡಿ ಬಂದೀನಿ" ಎಂದುಬಿಟ್ಟೆ.

ಅವರು ಅರ್ಧ ಊಟದಲ್ಲಿ ಕೈ ತೊಳೆದರು. "ನಾಳಿಂದ ಈ ಮನ್ಯಾಗ ನಿನ್ನ ತಾಟು ಇಲ್ಲ" ಎಂದು ಎದ್ದು ಹೋದರು. ನಿನ್ನ ಅಪ್ಪನಿಂದ ಒಳ್ಳೆಯ ಸುದ್ದಿ ಇದೆ ಎಂದು ಬರೆದರೆ ಅದು ನನ್ನ ಬಡಾಯಿಯಾದೀತು.

ನಿನ್ನ ಅವ್ವ ಮಾತ್ರ ಕದಲಲಿಲ್ಲ. "ಉಂಡಳೇನೋ?" ಎಂದಳು. ಎರಡು ರೊಟ್ಟಿ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಭಾವನಿಗೂ ಕೇಳಲಿ ಎಂದೇ ದನಿ ಎತ್ತಿದಳು: "ಏಳನೇ ತಿಂಗಳ ಕುಬಸ ನಿನ್ನ ಮನ್ಯಾಗ ಆಗ್ಲಿ ವೈಜನಾಥ. ನಾ ಹಾಡಾಹಗಲೇ ಬರ್ತೀನಿ. ಬಾಣಂತನ ಮುಗಿಯೂತನಾ ಅಲ್ಲೇ ಇರ್ತೀನಿ."



ನನ್ನ ಹೆಂಡತಿ, ನಿನ್ನ ಅತ್ತೆ, ಈಗಾಗಲೇ ನಮ್ಮ ಹಿತ್ತಲ ಕಡೆಯ ಕೋಣೆ ತೆರವು ಮಾಡಿದ್ದಾಳೆ. ಪಕ್ಕದಲ್ಲೇ ಗಿರಣಿ, ಸದ್ದು ಇರುತ್ತದೆ. ಕೂಸು ಆ ಸದ್ದಿಗೇ ನಿದ್ದೆ ಹೋಗುತ್ತದೆ ಎನ್ನುತ್ತಾಳೆ ಅವಳು. ಬಾ.

ಹೊತ್ತಿಗೆ ಸರಿಯಾಗಿ ಉಣ್ಣು, ಸಿಕ್ಕಾಗ ಮಲಗು. ತಾಯಿಯೂ ಕೂಸೂ ಎರಡಾಗಿ ಸುಖವಾಗಿರಿ ಎಂದು ಹರಸುವ

ನಿನ್ನ ಸೋದರಮಾವ
ವೈಜನಾಥ