ಗುಬ್ಬಿ ಹೊಡೆದುಹಾಕಿದ ಕಾಲೇಜು

ಭಾನುವಾರ, ಮಧ್ಯಾಹ್ನ

ಅಕ್ಕಾ,

ನಿನ್ನ ತಂಗಿಯ ನಮಸ್ಕಾರ. ಫೋನ್ ಇರುವಾಗ ಇವಳಿಗೇನು ಬಂತು ಕಾಗದ ಬರೆಯುವ ಚಪಲ ಅಂದುಕೊಳ್ಳಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮಾತು ಬದಲಾಯಿಸಿಬಿಡುತ್ತೇನೆ. ಹನ್ನೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ.

ನೀನೇ ಅಡ್ಡಹೆಸರಿಟ್ಟ ನನ್ನ ಮಗಳು ಗುಬ್ಬಿಗೆ ಪರೀಕ್ಷೆ ಮುಗಿಯಿತು. ಈಗ ಕಾಲೇಜಿನ ಗಲಾಟೆ. ಕಲ್ಲು ಮಣ್ಣಿನ ಶಾಸ್ತ್ರವೇ ಬೇಕಂತೆ, ಭೂವಿಜ್ಞಾನ. ಎಲ್ಲ ಕಡೆ ಸಿಗುವ ವಿಷಯ ಆರಿಸಿಕೊಂಡರೆ ಅವಳು ನಮ್ಮ ಗುಬ್ಬಿ ಹೇಗಾದಾಳು! ಒಂಬತ್ತು ಕಾಲೇಜುಗಳ ಪಟ್ಟಿ ಮಾಡಿ ಕೋಣೆಯ ಬಾಗಿಲಿಗೆ ಅಂಟಿಸಿದ್ದಳು. ರಜೆಯಲ್ಲಿ ಹೋಗಿ ನೋಡಿಬರಲು ಆಗುವುದು ನಾಲ್ಕೋ ಐದೋ. ಯಾವುವು ಅಂತ ಇಬ್ಬರೂ ಕೂತು ತೀರ್ಮಾನಿಸೋಣ ಅಂದಳು. ಹೂಂ ಅಂದೆ. ಹೂಂ ಅಂದವಳು ಮರುದಿನ ಪ್ರೆಸ್ಸಿನಿಂದ ಒಂಬತ್ತೂ ಹಾಸ್ಟೆಲುಗಳ ಅಡುಗೆಮನೆಗೆ ಫೋನ್ ಮಾಡಿದೆ.

ಕಡಲೆಕಾಯಿ ಬಳಸ್ತೀರಾ ಅಂತ ಕೇಳಿದೆ. ಒಬ್ಬ ಅಡುಗೆಯವನು, ಧಾರಾಳವಾಗಿ ಹಾಕ್ತೀವಮ್ಮ, ಮಕ್ಕಳು ಚಪ್ಪರಿಸ್ಕೊಂಡು ತಿಂತಾರೆ ಅಂದ. ಇನ್ನೊಬ್ಬ, ಅಷ್ಟು ಹೆದರಿಕೆ ಇದ್ರೆ ಮಗಳನ್ನ ಮನೇಲೇ ಇಟ್ಕೊಳ್ಳಿ ಅಂದ. ಒಂದು ಚೂರು ಬಾಯಿಗೆ ಹೋದರೆ ಅವಳ ಗಂಟಲು ಹೇಗೆ ಕಟ್ಟುತ್ತದೆ, ತುಟಿ ಹೇಗೆ ನೀಲಿಯಾಗುತ್ತದೆ ಅಂತ ಕಣ್ಣಾರೆ ಕಂಡವರು ನಾವಿಬ್ಬರೇ ಅಲ್ಲವೇ? ಆರು ಕಾಲೇಜುಗಳ ಮೇಲೆ ಪೆನ್ಸಿಲ್ ಗೀಟು ಎಳೆದೆ. ಒಂದು ದೂರ ಅಂದೆ, ಒಂದರ ಕಟ್ಟಡ ಹಳೇದು ಅಂದೆ, ಒಂದಕ್ಕೆ ಏನೂ ಹೊಳೆಯದೆ ಅಲ್ಲಿ ಸೊಳ್ಳೆ ಜಾಸ್ತಿ ಅಂದೆ.

ಅವಳೇನು ದಡ್ಡಿಯೇ? ಅಮ್ಮಾ, ನಾವು ಕಾಲೇಜು ಆರಿಸ್ತಿದ್ದೀವಾ, ಅಡುಗೆಮನೆ ಆರಿಸ್ತಿದ್ದೀವಾ ಅಂತ ನಕ್ಕಳು. ಇಂಜೆಕ್ಷನ್ ಯಾವಾಗ್ಲೂ ಚೀಲದಲ್ಲೇ ಇರುತ್ತೆ, ಕೇಳಿ ತಿನ್ನೋದು ನಂಗೆ ಗೊತ್ತು ಅಂತ ಎರಡು ಗೀಟು ಉಜ್ಜಿ ಅಳಿಸಿದಳು. ಆಮೇಲೆ ನಾನು ಮುಟ್ಟದೆ ಉಳಿಸಿದ್ದ ಮೂರರಲ್ಲಿ ಒಂದರ ಮೇಲೆ ತಾನೇ ಗೀಟು ಹಾಕಿದಳು. ನಿಮ್ಮ ಊರಿನದು! ಅಲ್ಲಿನ ಅಡುಗೆಯಾಕೆ ನನ್ನ ಜೊತೆ ಹದಿನೈದು ನಿಮಿಷ ಮಾತಾಡಿ, ನನ್ನ ಮೊಮ್ಮಗನಿಗೂ ಇದೇ ತೊಂದ್ರೆ, ಕಡಲೆಕಾಯೀನ ನಾನು ಹೊಸಿಲು ದಾಟ್ಸಲ್ಲ ಅಂದಿದ್ದಳು. ಗುಬ್ಬಿಗೂ ಮೊದಲಿನಿಂದ ಆ ಕಾಲೇಜಿನ ಮೇಲೇ ಜೀವ.

ಯಾಕೇ ಅಂತ ಕೇಳಿದೆ. ಅಲ್ಲಿಗೆ ಹೋದ್ರೆ ದೊಡ್ಡಮ್ಮನ ಮನೇಲಿ ಉಳ್ಕೋಬೇಕು, ಊಟ ಬೇಡ ಅಂದ್ರೆ ಅವರಿಗೆ ನೋವಾಗುತ್ತೆ, ಊಟ ಮಾಡೋಕೆ ನಂಗೆ ಭಯ ಅಂದಳು.

ಅಕ್ಕಾ, ಆ ದಿನ ಅವಳಿಗೆ ಆದದ್ದು ನಿನ್ನ ಅಡುಗೆಯಿಂದಲ್ಲ. ನನ್ನಿಂದ.

ಆಗ ಅವಳಿಗೆ ಐದು ವರ್ಷ. ಕಡಲೆಕಾಯಿ ಆಗದು ಅಂತ ಅಷ್ಟರಲ್ಲೇ ಎಲ್ಲರಿಗೂ ಗೊತ್ತಿತ್ತು. ನಿಮ್ಮ ಮನೆಗೆ ಬಂದಿದ್ದೆವು. ನೀನು ಒಳಗೆ ಅಡುಗೆ ಮಾಡುತ್ತಿದ್ದೆ, ಇವಳು ಹಜಾರದಲ್ಲಿ ಹಸಿವು ಹಸಿವು ಅಂತ ರಚ್ಚೆ ಹಿಡಿದಳು. ಚೀಲದಿಂದ ಬಿಸ್ಕತ್ತು ತೆಗೆದು ಕೊಟ್ಟೆ. ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳ ಅಚ್ಚಿನ ತಪ್ಪು ತಿದ್ದುವುದೇ ಪ್ರೆಸ್ಸಿನಲ್ಲಿ ನನ್ನ ಕೆಲಸ. ಆ ಬಿಸ್ಕತ್ತಿನ ಪೊಟ್ಟಣವನ್ನೂ ನಾನೇ ತಿದ್ದಿ ಕೊಟ್ಟಿದ್ದೆ, ಅದರಲ್ಲಿ ಏನೇನಿದೆ ಅಂತ ಬಾಯಿಪಾಠವಾಗಿತ್ತು. ಹಾಗಾಗಿ ಓದಲಿಲ್ಲ. ಆ ನಡುವೆ ಕಂಪನಿಯವರು ಬಿಸ್ಕತ್ತಿಗೆ ಕಡಲೆಕಾಯಿ ಪುಡಿ ಸೇರಿಸಿ, ಬೇರೆ ಪ್ರೆಸ್ಸಿನಲ್ಲಿ ಪೊಟ್ಟಣ ಅಚ್ಚು ಹಾಕಿಸಿದ್ದರು. ಅಷ್ಟರಲ್ಲಿ ನೀನು ತಟ್ಟೆ ಇಟ್ಟೆ, ಅವಳು ಎರಡು ತುತ್ತು ತಿಂದಳು, ಮುಂದಿನದು ನಿನಗೇ ಗೊತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದಳು ಅಂತ ಕೇಳಿದಾಗ, ನಿನ್ನ ಸೌಟು ಯಾವುದೋ ಪಾತ್ರೆಯಿಂದ ಯಾವುದಕ್ಕೋ ಹೋಗಿರಬೇಕು ಅಂದೆ. ಆಣೆಗೂ ಆಗ ಹಾಗೇ ನಂಬಿದ್ದೆ. ಎರಡು ದಿನ ಬಿಟ್ಟು ಚೀಲದಲ್ಲಿ ಪೊಟ್ಟಣ ಸಿಕ್ಕಿತು. ಓದಿದೆ. ಓದಿ ಒಲೆಗೆ ಹಾಕಿದೆ. ಗೊತ್ತಾದರೆ ಇವರು, ಅತ್ತೆ, ಯಾರೂ ಮಗುವನ್ನು ಮತ್ತೆ ನನ್ನ ಕೈಗೆ ಕೊಡುವುದಿಲ್ಲ ಅನ್ನುವ ಹೆದರಿಕೆ.

ನೀನು ಒಂದು ಮಾತು ಎದುರಾಡಲಿಲ್ಲ. ಇದ್ದ ಪಾತ್ರೆಗಳನ್ನೆಲ್ಲ ಕೊಟ್ಟು ಹೊಸದು ತಂದೆ. ಈಗಲೂ ಅವಳು ಬಂದರೆ ಒಂದು ಬಾಳೆಹಣ್ಣು ಕೊಡುತ್ತೀಯ, ಅದೂ ಸಿಪ್ಪೆ ಮುಟ್ಟಲೂ ಹೆದರುವವಳಂತೆ. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿದಿದ್ದೇನೆ.

ಕ್ಷಮಿಸು ಅನ್ನಲು ಮುಖವಿಲ್ಲ, ಆದರೂ ಕೇಳುತ್ತೇನೆ. ಅವಳು ಬಂದರೆ ನಿನ್ನ ಕೈಯಾರೆ ಮಾಡಿ ಬಡಿಸು. ಅಕಸ್ಮಾತ್ ಏನಾದರೂ ಆದರೆ ಇಂಜೆಕ್ಷನ್ ತೊಡೆಯ ಹೊರಬದಿಗೆ, ಬಟ್ಟೆಯ ಮೇಲಿಂದಲೇ, ತಡಮಾಡದೆ. ಆಮೇಲೆ ಸೀದಾ ಆಸ್ಪತ್ರೆ. ನಿನ್ನ ಮೇಲೆ ಅಪನಂಬಿಕೆಯಲ್ಲ ಅಕ್ಕಾ, ನಾನೇ ಪುಕ್ಕಲಿ.

ಇಷ್ಟು ವರ್ಷ ನಿನ್ನ ಮರೆಯಲ್ಲಿ ಅಡಗಿದ್ದ,
ನಿನ್ನ ತಂಗಿ

ಮತ್ತೊಂದು ಮಾತು, ಸೋಮವಾರ ಬೆಳಗ್ಗೆ: ಅಂಚೆಗೆ ಹಾಕುವ ಮುಂಚೆ ಇದನ್ನು ಗುಬ್ಬಿಗೆ ಓದಲು ಕೊಟ್ಟೆ. ಓದಿ ಮಡಿಸಿ ವಾಪಸು ಕೊಟ್ಟಳು. ನಿಮ್ಮ ಊರಿನ ಕಾಲೇಜಿನ ಮೇಲಿನ ಗೀಟು ಅಳಿಸಿ, ಶನಿವಾರದ ಬಸ್ಸಿಗೆ ಒಂದೇ ಟಿಕೆಟ್ ಸಾಕು ಅಂದಳು. ಈಗ ತಿಂಡಿಗೆ ಬ್ರೆಡ್ ಕೊಡಲು ಹೋದೆ. ಪೊಟ್ಟಣವನ್ನು ನನ್ನ ಕೈಯಿಂದ ಇಸಿದುಕೊಂಡು, ಹಿಂಬದಿಯಲ್ಲಿದ್ದುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿ, ಆಮೇಲೆ ತಿಂದಳು. ನಾನು ಕೊಟ್ಟದ್ದನ್ನು ಅವಳು ಓದಿ ತಿಂದದ್ದು ಇದೇ ಮೊದಲು.