ಅಮ್ಮನಿಗೆ ಕೊನೆಯ ಸ್ನಾನ ಮಾಡಿಸಿದವಳಿಗೆ

ಸಿಂಧನೂರು
೯ ಆಗಸ್ಟ್ ೧೯೭೩

ದಾವಲ್‌ಬೀ ಅಕ್ಕನಿಗೆ ಸಲಾಂ.

ನಿನ್ನೆ ಲೇಡಿ ಡಾಕ್ಟರ ಬಳಿ ಹೋಗಿದ್ದೆ. ನಾಲ್ಕನೆಯ ಹೆರಿಗೆಯಲ್ಲಿ ನಾನು ಉಳಿದದ್ದೇ ಹೆಚ್ಚು, ಇನ್ನೊಂದು ಬೇಡ ಎಂದು ಅವರು ಗರ್ಭ ನಿಲ್ಲದಂತೆ ದಿನಕ್ಕೊಂದು ನುಂಗುವ ಮಾತ್ರೆ ಕೊಟ್ಟರು. ಕೊಡುವ ಮುಂಚೆ, "ನಿಮ್ಮ ತಾಯಿಗೆ ಎದಿಯಾಗ ಗಂಟು, ಕ್ಯಾನ್ಸರ್ ಏನರ ಆಗಿತ್ತೇನವಾ?" ಎಂದು ಕೇಳಿದರು. ಇಲ್ಲ ಎಂದೆ. ಅಮ್ಮ ಜ್ವರದಿಂದ ಹೋದಳೆಂದೇ ಎಲ್ಲರೂ ಹೇಳಿದ್ದಲ್ಲವೇ?

"ಆಗಿದ್ರ ಈ ಗುಳಿಗಿ ಕೊಡಾಕ ನನಗ ಧೈರ್ಯ ಇಲ್ಲ. ಅಪಾಯ ಎಷ್ಟಂತ ಇನ್ನೂ ಯಾರಿಗೂ ಪೂರಾ ಗೊತ್ತಿಲ್ಲ," ಎಂದರು.

ಮನೆಗೆ ಬಂದ ಮೇಲೆ ನೆನಪಾಯಿತು. ಕೊನೆಯ ವರ್ಷ ಅಮ್ಮ ನನ್ನ ಹಿರಿಯ ಮಗಳನ್ನು ಎಡಗಡೆ ಎತ್ತಿಕೊಳ್ಳುತ್ತಲೇ ಇರಲಿಲ್ಲ. ಅವಳು ಹೋದ ದಿನ ಮಯ್ಯತ್ತಿಗೆ, ಆ ಹೆಣಕ್ಕೆ, ಸ್ನಾನ ಮಾಡಿಸಿದವಳು ನೀನು. ನಾನು ನೀರು ತಂದಾಗ ನೀನು, "ಒಳಗ ಬರಬ್ಯಾಡ ಬೇ, ಕೊಡ ಅಲ್ಲೇ ಇಡು," ಎಂದೆ. ಆ ಸ್ನಾನದಲ್ಲಿ ಕಂಡದ್ದನ್ನು ಹೊರಗೆ ಹೇಳಬಾರದೆಂದು ನನಗೂ ಗೊತ್ತು. ಹನ್ನೊಂದು ವರ್ಷ ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ಅಮ್ಮನ ಎದೆಯಲ್ಲಿ ಗಂಟು ಇತ್ತೇ? ಕಾರ್ಡ್ ಬೇಡ, ಲಕೋಟೆಯಲ್ಲಿ ಬರೆ. ಭಾವನ ಕೈಯಲ್ಲಿ ಬರೆಸಬೇಡ. ಹೌದು ಅಥವಾ ಇಲ್ಲ ಎಂದರೂ ಸಾಕು.

ಮಾತ್ರೆಗಳು ಅಕ್ಕಿ ಡಬ್ಬಿಯಲ್ಲಿವೆ, ಒಂದನ್ನೂ ನುಂಗಿಲ್ಲ. ನಾಡಿದ್ದು ಇವರು ಕಾಲುವೆ ಕ್ಯಾಂಪಿನಿಂದ ಬರುತ್ತಾರೆ.

ನಿನ್ನ ಉತ್ತರ ಬರಲಿ, ಬಾರದಿರಲಿ, ಇಪ್ಪತ್ತನೇ ತಾರೀಖು ಡಾಕ್ಟರ ಬಳಿ ಹೋಗಿ, ಅಂದು ಸರಿಯಾಗಿ ತಿಳಿಯದೆಯೇ 'ಇಲ್ಲ' ಎಂದಿದ್ದೆ ಎಂದು ಹೇಳಲು ನಿಶ್ಚಯಿಸಿದ್ದೇನೆ. ಅಲ್ಲಿಯವರೆಗೆ ಮಕ್ಕಳ ನಡುವೆ ಮಲಗುತ್ತೇನೆ. ಇವರಿಗೆ ಇನ್ನೂ ಹೇಳಿಲ್ಲ.

ನಿನ್ನ ತಂಗಿ
ಮೆಹರಬಾನು